ಸೈಡ್ ಕೊಡಬೇಕಾದವರು ಯಾರು?

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಎಡೆದೊರೆ ನಾಡಿನಲ್ಲಿ ಬೆಳಿಗ್ಗೆ ಒಂಬತ್ತು ಗಂಟೆ ಅಂದರೆ ಹಳ್ಳಿ ರಸ್ತೆಗಳು ತುಂಬಿಕೊಳ್ಳುವ ಹೊತ್ತು. ದೇವದುರ್ಗದ ಕಡೆ ದೊಡ್ಡಿ, ತಾಂಡಾಗಳಿಂದ, ಮಾನ್ವಿಯ ಕಡೆ ಕಾಲುವೆ ಪಕ್ಕದ ಕ್ಯಾಂಪುಗಳಿಂದ ಹೈಸ್ಕೂಲು ಮಕ್ಕಳು ನಾಲ್ಕಾರು ಮಂದಿ, ಎಂಟು ಹತ್ತು ಮಂದಿ ಗುಂಪು ಕಟ್ಟಿಕೊಂಡು ಸೈಕಲ್ ತುಳಿಯುತ್ತ ಹೊರಡುತ್ತಾರೆ. ಅದೇ ಹೊತ್ತಿಗೆ ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಕೂಲಿ ಹೆಣ್ಣುಮಕ್ಕಳನ್ನು ತುಂಬಿಕೊಂಡ ಟಂಟಂಗಳೂ ಅದೇ ರಸ್ತೆಗೆ ಇಳಿಯುತ್ತವೆ. ನದಿ ದಂಡೆಯಿಂದ ಉಸುಕು ಹೊತ್ತ ಟಿಪ್ಪರ್, ನೆಲ್ಲು ತುಂಬಿದ ಟ್ರ್ಯಾಕ್ಟರ್, ತಾಲ್ಲೂಕು ಕೇಂದ್ರಕ್ಕೆ ಹೊರಟ ಸಾರಿಗೆ ಬಸ್ಸು ಎಲ್ಲಕ್ಕೂ ಇರುವುದು ಆ ಒಂದೇ ಡಾಂಬರು ಪಟ್ಟಿ. ಹಿಂದಿನಿಂದ ಉದ್ದನೆಯ ಹಾರ್ನ್ ಕೇಳಿಸುತ್ತದೆ. 'ಸೈಡ್ ಕೊಡು' ಎಂಬುದೇ ಅದರ ಅರ್ಥ. ಮಕ್ಕಳು ಗಡಿಬಿಡಿಯಲ್ಲಿ ಡಾಂಬರಿನಿಂದ ಮಣ್ಣಿಗೆ ಇಳಿಯುತ್ತಾರೆ, ಗಾಡಿ ಧೂಳೆಬ್ಬಿಸಿ ಹೋಗುತ್ತದೆ, ಮಕ್ಕಳು ಮತ್ತೆ ರಸ್ತೆ ಹತ್ತುತ್ತಾರೆ. ಇದು ದಿನನಿತ್ಯದ ರೂಢಿಯಾಗಿರುವುದರಿಂದ ಯಾರಿಗೂ ತಪ್ಪು ಅನ್ನಿಸುವುದಿಲ್ಲ. ಆದರೆ ರಸ್ತೆಯ ಅಗಲ, ಅಂಚಿನ ಸ್ಥಿತಿ, ವೇಗದ ಲೆಕ್ಕ, ಕಾನೂನಿನ ಮಾತು ಈ ನಾಲ್ಕನ್ನೂ ಒಂದೆಡೆ ಇಟ್ಟು ನೋಡಿದರೆ ಈ ರೂಢಿ ತಲೆಕೆಳಗಾಗಿರುವುದು ಗೊತ್ತಾಗುತ್ತದೆ. ಕಿರಿದಾದ ರಸ್ತೆಯಲ್ಲಿ ಕಾಯಬೇಕಾದವರು ಹಿಂದೆ ಬರುವ ಚಾಲಕರು. ಮುಂದಿರುವ ಮಗು ಓಡಿ ಜಾಗ ಬಿಡಬೇಕು ಎಂಬ ನಿರೀಕ್ಷೆಯನ್ನು ನಾವು ಕೈಬಿಡಬೇಕು.

ಮೊದಲು ಈ ಸೈಕಲ್ಲುಗಳು ರಸ್ತೆಗೆ ಬಂದ ಬಗೆಯನ್ನು ನೆನೆಯೋಣ. 2006-07ರಲ್ಲಿ ಕರ್ನಾಟಕ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿತು. ಹಳ್ಳಿಯಲ್ಲಿ ಏಳನೇ ತರಗತಿ ಮುಗಿದರೆ ಮುಂದಿನ ಶಾಲೆ ನಾಲ್ಕೈದು ಕಿಲೋಮೀಟರ್ ದೂರದ ಹೋಬಳಿ ಊರಿನಲ್ಲಿ. ಆ ದೂರ ಎಷ್ಟೋ ಹೆಣ್ಣುಮಕ್ಕಳ ಓದನ್ನು ಅಲ್ಲಿಗೇ ನಿಲ್ಲಿಸುತ್ತಿತ್ತು. ಅದೇ 2006ರಲ್ಲಿ ಬಿಹಾರದಲ್ಲೂ ಹುಡುಗಿಯರಿಗೆ ಸೈಕಲ್ ಯೋಜನೆ ಬಂತು. ಅದರ ಪರಿಣಾಮವನ್ನು ಅಳೆದ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್, ತಕ್ಕ ವಯಸ್ಸಿನಲ್ಲಿ ಪ್ರೌಢಶಾಲೆ ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಹೆಚ್ಚಿತೆಂದೂ ಹುಡುಗ-ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ತಗ್ಗಿತೆಂದೂ ಕಂಡುಕೊಂಡರು. ಶಾಲೆ ದೂರವಿದ್ದ ಹಳ್ಳಿಗಳಲ್ಲೇ ಲಾಭ ಹೆಚ್ಚು ಕಂಡಿತು. ನಮ್ಮಲ್ಲಿ ಕೋವಿಡ್ ಕಾಲಕ್ಕೆ ಸೈಕಲ್ ವಿತರಣೆ ನಿಂತಿತು, 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾಯಿತು. ಹಾಗಾಗಿ ಸೈಕಲ್ಲಿನ ಕಾಲ ಮುಗಿಯಿತು ಎನ್ನುವವರಿದ್ದಾರೆ. ಶಾಲೆಯ ಹೊತ್ತಿಗೆ ಬಸ್ಸೇ ಬಾರದ ದೊಡ್ಡಿಗಳಿಗೆ ಉಚಿತ ಟಿಕೆಟ್ಟಿನಿಂದ ಏನೂ ಆಗುವುದಿಲ್ಲ. ಹದಿಮೂರು, ಹದಿನಾಲ್ಕರ ಮಕ್ಕಳ ಕೈಗೆ ಬೈಕು ಕೊಡುವುದಂತೂ ಅಪರಾಧ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಮಕ್ಕಳು ವಾಹನ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಆ ವಯಸ್ಸಿನ ಮಗು ಯಾರ ಹಂಗೂ ಇಲ್ಲದೆ ತಾನೇ ಓಡಿಸಿಕೊಂಡು ಹೋಗಬಹುದಾದ ಗಾಡಿ ಅಂದರೆ ಸೈಕಲ್ ಒಂದೇ.

ಇನ್ನು ರಸ್ತೆಯ ಅಳತೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಂತೆ ಒಂಟಿ ಪಥದ ರಸ್ತೆಯ ಡಾಂಬರಿನ ಅಗಲ 3.75 ಮೀಟರ್. ವಾಹನ ತೀರ ಕಡಿಮೆ ಇರುವ ಹಳ್ಳಿ ರಸ್ತೆಗೆ 3 ಮೀಟರ್ ಇದ್ದರೂ ಸಾಕು ಎಂಬ ಅವಕಾಶವಿದೆ. 2000ದ ಡಿಸೆಂಬರ್ 25ರಂದು ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಸಾವಿರಾರು ಹಳ್ಳಿಗಳಿಗೆ ತಂದುಕೊಟ್ಟದ್ದು ಬಹುಮಟ್ಟಿಗೆ ಈ ಅಳತೆಯ ರಸ್ತೆಗಳನ್ನೇ. ಇನ್ನು ಬಸ್ಸು, ಲಾರಿಗಳ ಅಗಲ 2.6 ಮೀಟರ್‌ವರೆಗೆ ಇರಬಹುದು. 3.75ರಲ್ಲಿ 2.6 ಕಳೆದರೆ ಉಳಿಯುವುದು 1.15 ಮೀಟರ್, ಅಂದರೆ ಒಂದು ಮಾರಿಗಿಂತ ಕಡಿಮೆ. ಸೈಕಲ್ಲಿನ ಹ್ಯಾಂಡಲ್ಲೇ ಅರ್ಧ ಮೀಟರಿಗಿಂತ ಅಗಲ. ಹೆಗಲಿಗೆ ಬ್ಯಾಗು, ಕ್ಯಾರಿಯರ್ ಮೇಲೆ ತಂಗಿ ಅಥವಾ ಗೆಳತಿ ಇದ್ದರೆ ಸೈಕಲ್ ನೆಟ್ಟಗೆ ಹೋಗುವುದಿಲ್ಲ, ಒಂದು ಗೇಣು ಅತ್ತ, ಒಂದು ಗೇಣು ಇತ್ತ ವಾಲುತ್ತಲೇ ಸಾಗುತ್ತದೆ. ಅದಕ್ಕೆ ನಿಜವಾಗಿ ಬೇಕಾದ ಜಾಗ ಸುಮಾರು ಒಂದು ಮೀಟರ್. ಬಸ್ಸಿನ ಬಲಗಾಲಿ ಡಾಂಬರಿನ ಆ ತುದಿಯಲ್ಲಿದ್ದು, ಮಗು ಈ ತುದಿಯಲ್ಲಿದ್ದರೂ ಇಬ್ಬರ ನಡುವೆ ಉಳಿಯುವುದು ಒಂದು ಗೇಣು. ಫ್ರಾನ್ಸಿನಲ್ಲಿ ಊರ ಹೊರಗಿನ ರಸ್ತೆಯಲ್ಲಿ ಸೈಕಲ್ ಸವಾರನನ್ನು ದಾಟುವಾಗ ಒಂದೂವರೆ ಮೀಟರ್, ಜರ್ಮನಿಯಲ್ಲಿ ಎರಡು ಮೀಟರ್ ಅಂತರ ಬಿಡಬೇಕೆಂದು ಕಾನೂನೇ ಇದೆ. ಅಷ್ಟು ಅಂತರ ನಮ್ಮ ಒಂಟಿ ಪಥದ ರಸ್ತೆಯ ಮೇಲೆ ಸಿಗುವುದು ಸಾಧ್ಯವೇ ಇಲ್ಲ. ಅಂದಮೇಲೆ ಇಲ್ಲಿ 'ಹುಷಾರಾಗಿ ದಾಟುವುದು' ಎಂಬುದೇ ಇಲ್ಲ. ಬಸ್ಸು ಮಣ್ಣಿಗೆ ಇಳಿಯಬೇಕು, ಇಲ್ಲವೇ ಮಗು ಇಳಿಯಬೇಕು, ಅದೂ ಆಗದಿದ್ದರೆ ಬಸ್ಸು ಹಿಂದೆ ಕಾಯಬೇಕು.

ಮಗು ಇಳಿದರೆ ಏನಾಯಿತು ಎಂದು ಕೇಳುವವರು ಆ ಅಂಚನ್ನು ಹತ್ತಿರದಿಂದ ನೋಡಬೇಕು. ರಾಯಚೂರು ಸೀಮೆಯ ಬಹುಭಾಗ ಎರೆ ಭೂಮಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವ ಮಣ್ಣು ಅದು. ಈ ಉಬ್ಬರ, ಕುಸಿತ ವರ್ಷವರ್ಷವೂ ನಡೆದು ಮೇಲಿನ ಡಾಂಬರಿನ ಅಂಚು ಖಡಕ್ ರೊಟ್ಟಿಯ ಅಂಚಿನಂತೆ ತುಂಡು ತುಂಡಾಗಿ ಮುರಿಯುತ್ತದೆ. ಪಕ್ಕದ ಮಣ್ಣು ಗಾಲಿಗಳಿಗೆ ಸವೆದು, ಮಳೆಗೆ ಕೊಚ್ಚಿ ಕೆಳಗಿಳಿಯುತ್ತದೆ. ಡಾಂಬರಿಗೂ ಮಣ್ಣಿಗೂ ನಡುವೆ ನಾಲ್ಕು ಬೆರಳಿನಿಂದ ಒಂದು ಗೇಣಿನವರೆಗೆ ಮೆಟ್ಟಿಲು ಬೀಳುತ್ತದೆ. ಸೈಕಲ್ಲಿನ ಸಣ್ಣ ಗಾಲಿ ಆ ಮೆಟ್ಟಿಲನ್ನು ಇಳಿಯುವಾಗಲೇ ಜೋಲಿ ಹೊಡೆಯುತ್ತದೆ. ಹತ್ತುವಾಗ ಅಪಾಯ ಇನ್ನೂ ಹೆಚ್ಚು. ನೆಟ್ಟಗೆ ಹತ್ತಲು ಜಾಗವಿರುವುದಿಲ್ಲ, ಓರೆಯಾಗಿ ಹತ್ತಿಸಲು ಹೋದರೆ ಮುಂದಿನ ಗಾಲಿ ಅಂಚಿಗೆ ಉಜ್ಜಿಕೊಂಡು ಸಿಕ್ಕಿಬೀಳುತ್ತದೆ, ಹ್ಯಾಂಡಲ್ ತಿರುಗಿ ಮಗು ರಸ್ತೆಯ ಕಡೆಗೇ ಉರುಳುತ್ತದೆ. ಬಸ್ಸಿನ ಮುಂಗಾಲಿ ದಾಟಿದ್ದರೂ ಹಿಂಗಾಲಿ ಇನ್ನೂ ಪಕ್ಕದಲ್ಲೇ ಇರುತ್ತದೆ. ಮಣ್ಣಿನ ಆಚೆಗೆ ರಸ್ತೆಗೆ ಬಾಗಿದ ಜಾಲಿ ಕಂಟಿ. ಮುಖಕ್ಕೆ ಬಡಿಯದ ಹಾಗೆ ಮಗು ತಲೆ ಬಗ್ಗಿಸಬೇಕು, ಗಾಲಿಗೆ ಮುಳ್ಳು ಚುಚ್ಚಿದರೆ ಮೈಲುಗಟ್ಟಲೆ ಸೈಕಲ್ ತಳ್ಳಿಕೊಂಡು ನಡೆಯಬೇಕು. ಮಳೆ ಬಂದ ಮರುದಿನವಂತೂ ಎರೆ ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಸೈಕಲ್ ನಿಂತೇಬಿಡುತ್ತದೆ. ಹಾರ್ನ್ ಹೊಡೆದು ಮಗುವನ್ನು ಕೆಳಗಿಳಿಸುವುದು ಎಂದರೆ ಇಂಥ ಜಾಗಕ್ಕೆ ಇಳಿಸುವುದು. ಹಾರ್ನ್ ಕೇಳಿದ ಮಗು ಹಿಂದಿರುಗಿ ನೋಡುತ್ತದೆ, ನೋಡಿದ ಕಡೆಗೇ ಸೈಕಲ್ ವಾಲುತ್ತದೆ ಎಂಬುದನ್ನು ಸೈಕಲ್ ಕಲಿತವರೆಲ್ಲ ಬಲ್ಲರು.

ಹಾಗಾದರೆ ಹಿಂದೆ ಕಾಯುವುದರಿಂದ ಆಗುವ ನಷ್ಟವೆಷ್ಟು? ಅದನ್ನೂ ಲೆಕ್ಕ ಹಾಕೋಣ. ಮಕ್ಕಳು ಗಂಟೆಗೆ 12 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದಾರೆ, ಮುಂದಿನ ಅಗಲವಾದ ಜಾಗ 200 ಮೀಟರ್ ದೂರವಿದೆ ಅಂದುಕೊಳ್ಳಿ. ಅವರ ಹಿಂದೆಯೇ ಅಷ್ಟು ದೂರ ಹೋಗಲು ಒಂದು ನಿಮಿಷ ಬೇಕು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗಿದ್ದರೆ ಹದಿನಾಲ್ಕು ಸೆಕೆಂಡು ಸಾಕಿತ್ತು. ಚಾಲಕನಿಗೆ ತಪ್ಪಿದ್ದು ನಲವತ್ತಾರು ಸೆಕೆಂಡು. ಮಾನ್ವಿಯಿಂದ ರಾಯಚೂರಿಗೆ ಹೋಗುವ ಗಾಡಿ ಇಂಥ ಮೂರು ಗುಂಪುಗಳ ಹಿಂದೆ ಕಾದರೂ ಎರಡೂವರೆ ನಿಮಿಷ ಆಗುವುದಿಲ್ಲ. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿದೆ ನೋಡಿ. 50ರ ವೇಗದಲ್ಲಿರುವ ವಾಹನ, ಅಪಾಯ ಕಂಡು ಬ್ರೇಕ್ ಒತ್ತಿ ನಿಲ್ಲುವಷ್ಟರಲ್ಲಿ ಒಣ ರಸ್ತೆಯಲ್ಲೂ ಸುಮಾರು 40 ಮೀಟರ್ ಸಾಗಿರುತ್ತದೆ. 30ರ ವೇಗದಲ್ಲಿದ್ದರೆ ಅದರ ಅರ್ಧದಲ್ಲಿ ನಿಲ್ಲುತ್ತದೆ. ಭಾರ ಹೊತ್ತ ಗಾಡಿಗೆ ಎರಡೂ ಇನ್ನಷ್ಟು ಹೆಚ್ಚು. ಸರಾಸರಿ ವೇಗ ಶೇ 1ರಷ್ಟು ಏರಿದರೆ ಸಾವು ತರುವ ಅಪಘಾತದ ಸಂಭವ ಶೇ 4ರಷ್ಟು ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಾರು ಗುದ್ದಿದ ಪಾದಚಾರಿ ಸಾಯುವ ಅಪಾಯ 50ರಿಂದ 65ಕ್ಕೆ ವೇಗ ಏರಿದಾಗ ನಾಲ್ಕೂವರೆ ಪಟ್ಟಾಗುತ್ತದೆ ಎಂಬುದೂ ಅದರ ಮಾತೇ. ಸೈಕಲ್ ಮೇಲಿನ ಮಗುವಿಗೆ ಪಾದಚಾರಿಗಿಂತ ಹೆಚ್ಚಿನ ರಕ್ಷಣೆ ಏನೂ ಇಲ್ಲ.

ಇದು ಬರೀ ಕಾಗದದ ಲೆಕ್ಕವಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 4,836 ಮಂದಿ ಸೈಕಲ್ ಸವಾರರು. ಒಟ್ಟು ಸಾವುಗಳಲ್ಲಿ ಸುಮಾರು ಶೇ 68 ಗ್ರಾಮೀಣ ಪ್ರದೇಶದಲ್ಲಿ ಸಂಭವಿಸಿದವು, ಶೇ 71ಕ್ಕೆ ಅತಿವೇಗವೇ ಕಾರಣವೆಂದು ದಾಖಲಾಗಿದೆ. ರಸ್ತೆ ಅಪಘಾತ ಅಂದರೆ ನಗರದ ಸಮಸ್ಯೆ ಎಂಬ ನಂಬಿಕೆ ಸುಳ್ಳು. 2024ರ ಸೆಪ್ಟೆಂಬರ್ 5ರ ಬೆಳಿಗ್ಗೆ, ಶಿಕ್ಷಕರ ದಿನದಂದೇ, ಮಾನ್ವಿ ತಾಲ್ಲೂಕಿನ ಕಪಗಲ್ ಬಳಿ ಶಾಲಾ ವಾಹನಕ್ಕೂ ಸಾರಿಗೆ ಬಸ್ಸಿಗೂ ಡಿಕ್ಕಿಯಾಗಿ ಇಬ್ಬರು ಮಕ್ಕಳು ಜೀವ ಕಳೆದುಕೊಂಡರು, ಹಲವರು ಗಾಯಗೊಂಡರು. ಸುತ್ತಲೂ ತಗಡಿನ ಗೋಡೆಯಿದ್ದ ವಾಹನದೊಳಗಿನ ಮಕ್ಕಳಿಗೇ ಹಾಗಾಯಿತು ಅಂದಮೇಲೆ, ಮೈಮೇಲಿನ ಸಮವಸ್ತ್ರದ ಹೊರತು ಏನೂ ಇಲ್ಲದ ಸೈಕಲ್ ಸವಾರರ ವಿಚಾರದಲ್ಲಿ ನಮ್ಮ ಎಚ್ಚರ ಎಷ್ಟಿರಬೇಕು? ಕಾನೂನು ಈ ಎಚ್ಚರವನ್ನು ಚಾಲಕರಿಗೇ ವಹಿಸಿದೆ. 2017ರ ಮೋಟಾರು ವಾಹನ ಚಾಲನಾ ನಿಯಮಾವಳಿ ಪಾದಚಾರಿಗಳು, ಸೈಕಲ್ ಸವಾರರು, ಮಕ್ಕಳು, ವೃದ್ಧರು, ಅಂಗವಿಕಲರ ಸುರಕ್ಷೆಗೆ ಚಾಲಕರು ವಿಶೇಷ ಗಮನ ಕೊಡಬೇಕೆನ್ನುತ್ತದೆ. ಯಾರಿಗೂ ಅಪಾಯವಾಗದು ಎಂದು ಖಾತ್ರಿಯಾದ ಮೇಲಷ್ಟೇ ಓವರ್‌ಟೇಕ್ ಮಾಡಬೇಕು ಎಂಬುದು ಲೈಸೆನ್ಸ್ ಪಡೆಯುವಾಗ ಎಲ್ಲರೂ ಕಲಿಯುವ ಪಾಠ. ಹಾರ್ನ್ ಹೊಡೆದರೆ ಮುಂದಿನವರು ಜಾಗ ಬಿಡಲೇಬೇಕು ಎಂಬ ಹಕ್ಕು ಯಾವ ಚಾಲಕನಿಗೂ ಇಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಮಕ್ಕಳ ಮೇಲೆಯೇ. ಅವರು ಮೂರು ನಾಲ್ಕು ಸೈಕಲ್ ಸಾಲಾಗಿ ರಸ್ತೆ ತುಂಬ ಹೋಗುತ್ತಾರೆ, ಮಾತಿನಲ್ಲಿ ಮೈಮರೆಯುತ್ತಾರೆ, ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿಕೊಂಡು ತುಳಿಯುತ್ತಾರೆ ಎಂಬ ದೂರು ನಿಜ. ಅದನ್ನು ತಿದ್ದಬೇಕಾದದ್ದೂ ನಿಜ. ಆದರೆ ಜೊತೆಜೊತೆಯಾಗಿ ಹೋಗುವುದೇ ತಪ್ಪು ಎನ್ನುವ ಮುನ್ನ ಸ್ವಲ್ಪ ಯೋಚಿಸಬೇಕು. ಎಂಟು ಮಕ್ಕಳು ಮೂರು ಮೂರು ಮೀಟರ್ ಅಂತರದಲ್ಲಿ ಒಬ್ಬರ ಹಿಂದೊಬ್ಬರು ಸಾಲು ಹಿಡಿದರೆ ಆ ಸಾಲಿನ ಉದ್ದ 35 ಮೀಟರ್. ಇಬ್ಬಿಬ್ಬರಾಗಿ ಹೋದರೆ 16 ಮೀಟರ್. 11 ಮೀಟರ್ ಉದ್ದದ ಬಸ್ಸು 40ರ ವೇಗದಲ್ಲಿ ಉದ್ದ ಸಾಲನ್ನು ದಾಟಲು ಆರು ಸೆಕೆಂಡು ಬೇಕು, ಗಿಡ್ಡ ಸಾಲಿಗೆ ಮೂರೂವರೆ. ಅಷ್ಟು ಹೊತ್ತು ಬಸ್ಸು ಎದುರು ಬದಿಯಲ್ಲಿ ಇರಬೇಕಾಗುತ್ತದೆ. ಬ್ರಿಟನ್ನಿನ ರಸ್ತೆ ಸಂಹಿತೆ 2022ರ ಪರಿಷ್ಕರಣೆಯಲ್ಲಿ ದೊಡ್ಡ ಗುಂಪು ಅಥವಾ ಮಕ್ಕಳ ಜೊತೆಗಿರುವವರು ಇಬ್ಬಿಬ್ಬರಾಗಿ ಹೋಗುವುದೇ ಕ್ಷೇಮವಾಗಿರಬಹುದು ಎಂದು ಹೇಳಿದ್ದು ಈ ಕಾರಣಕ್ಕೇ. ಐದೂವರೆ ಮೀಟರ್ ಅಗಲದ ರಸ್ತೆಯಲ್ಲಿ ಮಾತ್ರ ಒಂಟಿ ಸಾಲು ಮೇಲು, ಆಗ ಬಸ್ಸಿಗೂ ಮಕ್ಕಳಿಗೂ ನಡುವೆ ಸುಮಾರು ಎರಡು ಮೀಟರ್ ಸಿಗುತ್ತದೆ. ಅಲ್ಲಿ ನಾಲ್ಕು ನಾಲ್ಕು ಮಕ್ಕಳ ತುಕಡಿಯಾಗಿ, ತುಕಡಿಗಳ ನಡುವೆ ಒಂದು ಬಸ್ಸು ನುಸುಳುವಷ್ಟು ಜಾಗ ಬಿಟ್ಟು ಹೋದರೆ ಎಲ್ಲರಿಗೂ ಅನುಕೂಲ. ಒಂಟಿ ಪಥದ ರಸ್ತೆಯಲ್ಲಿ ಒಂದು ಸಾಲಾದರೂ ಎರಡು ಸಾಲಾದರೂ ದಾಟಲು ಜಾಗವಿಲ್ಲ. ಅಲ್ಲಿ ಮಕ್ಕಳ ಹೊಣೆ ಇಷ್ಟೇ: ಗುಂಪಿನ ಕೊನೆಯವರು ಗಾಡಿ ಬಂತೆಂದು ಕೂಗಿ ಹೇಳುವುದು, ಹೊಲದ ದಾರಿಯೋ ಬಸ್ ನಿಲ್ದಾಣವೋ ಸಮತಟ್ಟಾದ ಜಾಗ ಸಿಕ್ಕಾಗ ಎಲ್ಲರೂ ಇಳಿದು ನಿಲ್ಲುವುದು. ಆ ಜಾಗ ಬರುವವರೆಗೆ ಕಾಯುವುದು ಚಾಲಕನ ಪಾಲಿನದು.

ಎರಡನೆಯ ಆಕ್ಷೇಪ ಚಾಲಕರ ಕಷ್ಟದ್ದು. ಅದು ಹಗುರವಾದದ್ದಲ್ಲ. ಬಸ್ಸಿನವರಿಗೆ ವೇಳಾಪಟ್ಟಿಯ ಒತ್ತಡ, ಟಿಪ್ಪರಿನವರಿಗೆ ದಿನಕ್ಕೆ ಇಷ್ಟು ಟ್ರಿಪ್ ಎಂಬ ಲೆಕ್ಕ. ಹತ್ತಿ ಹೊತ್ತ ಗಾಡಿಯವರಿಗೆ ರಾಯಚೂರು ಮಾರುಕಟ್ಟೆಯಲ್ಲಿ ಹರಾಜು ಮುಗಿಯುವ ಆತಂಕ. ಟ್ರ್ಯಾಕ್ಟರಿನವರ ತೊಡಕು ಬೇರೆಯೇ. ಟ್ರಾಲಿಗೆ ತನ್ನದೇ ಬ್ರೇಕ್ ಇಲ್ಲದಿರುವುದೇ ಹೆಚ್ಚು, ಟನ್‌ಗಟ್ಟಲೆ ನೆಲ್ಲು ತುಂಬಿದಾಗ ಎಂಜಿನ್ ನಿಂತರೂ ಹಿಂದಿನ ಭಾರ ಮುಂದಕ್ಕೆ ನೂಕುತ್ತದೆ. ಏಕಾಏಕಿ ನಿಲ್ಲಿಸಲು ಆಗುವುದಿಲ್ಲ ಎಂದು ಅವರು ಹೇಳುವುದು ಸತ್ಯ. ಆದರೆ ಈ ಸತ್ಯದಿಂದ ಹೊರಡುವ ತೀರ್ಮಾನ ಏನು? ನಿಲ್ಲಿಸಲಾಗದ ಗಾಡಿಯನ್ನು ಮಕ್ಕಳು ಕಣ್ಣಿಗೆ ಬಿದ್ದ ಕ್ಷಣದಿಂದಲೇ ನಿಧಾನ ಮಾಡಬೇಕು ಎಂಬುದೇ ಅಲ್ಲವೇ? ಭಾರ ಹೆಚ್ಚಿದಷ್ಟೂ ಹೊಣೆ ಹೆಚ್ಚು. ಚಾಲಕನಿಗೆ ಎತ್ತರದ ಸೀಟಿನಿಂದ ಇಡೀ ರಸ್ತೆ ಕಾಣುತ್ತದೆ, ಕಾಲಡಿ ಬ್ರೇಕ್ ಇದೆ, ವರ್ಷಗಳ ಅನುಭವವಿದೆ. ಮಗುವಿಗೆ ಬೆನ್ನ ಹಿಂದೆ ಕಣ್ಣಿಲ್ಲ. ಆಯ್ಕೆ ಯಾರ ಕೈಯಲ್ಲಿದೆಯೋ ಅವರೇ ತಾಳಿಕೊಳ್ಳಬೇಕು. ವೇಳಾಪಟ್ಟಿಯ ಒತ್ತಡಕ್ಕೆ ಮದ್ದು ವೇಳಾಪಟ್ಟಿಯಲ್ಲೇ ಇದೆ. ಶಾಲಾ ಹೊತ್ತಿನ ಟ್ರಿಪ್ಪುಗಳಿಗೆ ಐದು ನಿಮಿಷ ಹೆಚ್ಚು ಕೊಟ್ಟರೆ ಬಸ್ ಚಾಲಕರಿಗೆ ಕಾಯುವ ಧೈರ್ಯ ಬರುತ್ತದೆ. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮಕ್ಕೆ ಇದು ದೊಡ್ಡ ಖರ್ಚಿನ ಕೆಲಸವಲ್ಲ.

ರಸ್ತೆಯನ್ನೇ ಅಗಲ ಮಾಡಿಬಿಟ್ಟರೆ ಈ ತಕರಾರೆಲ್ಲ ಮುಗಿಯುತ್ತದೆ ಎಂಬುದು ಮೂರನೆಯ ಮಾತು, ಎಲ್ಲ ಊರುಗಳ ಬೇಡಿಕೆಯೂ ಹೌದು. ಕೆಲವು ಮುಖ್ಯ ರಸ್ತೆಗಳಿಗೆ ಅದು ಬೇಕು. ಆದರೆ ಅಗಲವಾದ ನುಣುಪು ರಸ್ತೆ ಮೊದಲು ಹೆಚ್ಚಿಸುವುದು ವೇಗವನ್ನು. ಡಾಂಬರು ಅಗಲವಾಗಿ ಅಂಚಿನ ಮೆಟ್ಟಿಲು ಹಾಗೆಯೇ ಉಳಿದರೆ 40ರಲ್ಲಿ ದಾಟುತ್ತಿದ್ದ ಗಾಡಿ 70ರಲ್ಲಿ ದಾಟುತ್ತದೆ. ಅದಕ್ಕಿಂತ ಕಡಿಮೆ ಹಣದಲ್ಲಿ, ಬೇಗ ಆಗುವ ಕೆಲಸ ಅಂಚಿನದು. ಡಾಂಬರಿನ ಎರಡೂ ಬದಿಗೆ ಒಂದೊಂದು ಮೀಟರ್ ಗರಸು ಹಾಕಿ, ರೋಲರ್ ಹೊಡೆದು ಡಾಂಬರಿನ ಮಟ್ಟಕ್ಕೆ ತಂದರೆ ಮಗು ಬೀಳದೆ ಇಳಿಯಬಹುದು, ಬೀಳದೆ ಹತ್ತಬಹುದು, ಬಸ್ಸು ಕೂಡ ಒಂದು ಗಾಲಿ ಇಳಿಸಿ ಜಾಗ ಬಿಡಬಹುದು. ಪ್ರತಿ ಮಳೆಗಾಲದ ನಂತರ ಆ ಗರಸನ್ನು ಮತ್ತೆ ಸರಿಪಡಿಸಲೇಬೇಕು, ಎರೆ ನೆಲ ಒಂದು ವರ್ಷವೂ ಸುಮ್ಮನಿರುವುದಿಲ್ಲ. ಜಾಲಿಯನ್ನು ವರ್ಷಕ್ಕೆ ಎರಡು ಸಲ ಕಡಿದರೆ ತಿರುವಿನಲ್ಲಿ ಎದುರಿನ ಗಾಡಿ ಕಾಣುತ್ತದೆ. ಕೊಯ್ಲಿನ ದಿನಗಳಲ್ಲಿ ನೆಲ್ಲು, ಜೋಳ, ತೊಗರಿಯನ್ನು ಡಾಂಬರಿನ ಅರ್ಧಕ್ಕೆ ಹರವಿ ಸುತ್ತ ಕಲ್ಲಿಡುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಮೊದಲೇ ಇಕ್ಕಟ್ಟಾದ ರಸ್ತೆಯಲ್ಲಿ ಅರ್ಧ ಹೋದರೆ ಮಕ್ಕಳಿಗೆ ಉಳಿಯುವುದೇನು? ಕಣ ಮಾಡಲು ಬೇರೆ ಜಾಗವಿಲ್ಲದ ರೈತರನ್ನು ಬೈದು ಫಲವಿಲ್ಲ. ಊರಿಗೊಂದು ಒಕ್ಕಣೆ ಕಣ ಕಟ್ಟಿಸಿಕೊಡುವುದನ್ನು ರಸ್ತೆ ಸುರಕ್ಷೆಯ ಕೆಲಸವೆಂದೇ ಪಂಚಾಯಿತಿಗಳು ಎಣಿಸಬೇಕು.

ಇಷ್ಟನ್ನು ಜಾರಿಗೆ ತರಲು ಹೊಸ ಕಾಯ್ದೆ ಬೇಕಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 112ನೇ ಸೆಕ್ಷನ್ ವೇಗದ ಮಿತಿ ಹೇರಲು, 115ನೇ ಸೆಕ್ಷನ್ ಜನರ ಸುರಕ್ಷೆಗಾಗಿ ಒಂದು ರಸ್ತೆಯಲ್ಲಿ ಕೆಲವು ಬಗೆಯ ವಾಹನಗಳನ್ನು ನಿರ್ಬಂಧಿಸಲು ಅಧಿಕಾರ ಕೊಡುತ್ತವೆ. ಬೆಳಿಗ್ಗೆ ಒಂಬತ್ತರಿಂದ ಹತ್ತು, ಸಂಜೆ ನಾಲ್ಕರಿಂದ ಐದೂವರೆಯವರೆಗೆ ಹೈಸ್ಕೂಲುಗಳ ದಾರಿಯಲ್ಲಿ ಟಿಪ್ಪರ್‌ಗಳನ್ನು ತಡೆದರೆ ಉಸುಕು ಸಾಗಣೆ ದಿನಕ್ಕೆ ಒಟ್ಟು ಎರಡೂವರೆ ಗಂಟೆ ನಿಲ್ಲುತ್ತದೆ, ಅಷ್ಟೇ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿ ಹೆದ್ದಾರಿಯ ಅಪಘಾತ ತಾಣಗಳ ಜೊತೆಗೆ ಮಕ್ಕಳು ಗುಂಪಾಗಿ ಸೈಕಲ್ ತುಳಿಯುವ ದಾರಿಗಳನ್ನೂ ಪಟ್ಟಿ ಮಾಡಬೇಕು. ಆ ಪಟ್ಟಿ ಮಾಡಲು ಸಮೀಕ್ಷೆಯೂ ಬೇಡ, ಯಾವ ಮಗು ಯಾವ ಊರಿನಿಂದ ಬರುತ್ತದೆ ಎಂಬುದು ಪ್ರತಿ ಶಾಲೆಯ ದಾಖಲಾತಿ ಪುಸ್ತಕದಲ್ಲೇ ಇದೆ. ಶಾಲೆಯ ಮೈದಾನದಲ್ಲಿ ವರ್ಷಾರಂಭದಲ್ಲಿ ಒಂದು ದಿನ ದೈಹಿಕ ಶಿಕ್ಷಕರು ಸಾಲಾಗಿ ಹೋಗುವುದನ್ನು, ಹಿಂದೆ ನೋಡುವಾಗಲೂ ನೆಟ್ಟಗೆ ತುಳಿಯುವುದನ್ನು, ಅಂಚನ್ನು ಓರೆಯಾಗಿ ಹತ್ತದೆ ಇಳಿದು ಹತ್ತುವುದನ್ನು ಕಲಿಸಿದರೆ ಆ ಪಾಠ ಜೀವಮಾನಕ್ಕೆ ಉಳಿಯುತ್ತದೆ.

ಎಲ್ಲಕ್ಕಿಂತ ಮೊದಲು ಬದಲಾಗಬೇಕಾದದ್ದು 'ಸೈಡ್ ಕೊಡು' ಎಂಬ ಮಾತಿನ ದಿಕ್ಕು. ಹಾರ್ನಿಗೆ ಬೆದರಿ ಮಗಳು ಮೊಣಕಾಲು ಕೆತ್ತಿಸಿಕೊಂಡು ಮನೆಗೆ ಬಂದ ದಿನ ತಾಯಿ ತಂದೆ ಠಾಣೆಗೆ ಹೋಗುವುದಿಲ್ಲ, ದೂರು ಬರೆಸುವುದಿಲ್ಲ. ಅಂಥ ಗಾಯ ಯಾವ ಸರ್ಕಾರಿ ಅಂಕಿಅಂಶಕ್ಕೂ ಸೇರುವುದಿಲ್ಲ. ಅವರು ಮಾಡುವುದು ಒಂದೇ, ಸೈಕಲ್ಲನ್ನು ಗೋಡೆಗೆ ಒರಗಿಸುತ್ತಾರೆ. ನಾಲ್ಕೈದು ಕಿಲೋಮೀಟರ್ ದೂರದ ಶಾಲೆ ಅಲ್ಲಿಂದಾಚೆಗೆ ಅವಳಿಗೆ ಮತ್ತೆ ದೂರವಾಗುತ್ತದೆ, ಮುಂದಿನ ಹತ್ತಿ ಸುಗ್ಗಿಗೆ ಅವಳೂ ಟಂಟಂ ಏರುತ್ತಾಳೆ. ಹಿಂದಿನ ಚಾಲಕ ಕಾಲನ್ನು ಬ್ರೇಕಿನ ಮೇಲಿಟ್ಟು, ಕೈಯನ್ನು ಹಾರ್ನಿನಿಂದ ತೆಗೆದು ಉಳಿಸಿಕೊಡಬಹುದಾದದ್ದು ಅವಳ ಆ ದಾರಿಯನ್ನು. ಅದಕ್ಕೆ ಅವನು ತೆರಬೇಕಾದ ಬೆಲೆ ನಲವತ್ತಾರು ಸೆಕೆಂಡು.